ಲಿಂಗ ಸಿಗುವ ತನಕ

ಮೊಮ್ಮಕ್ಕಳು ಬಂದರೆ ನಮ್ಮ ಯಜಮಾನರು ತಮಗೆ ಎಪ್ಪತ್ತೆರಡು ಎಂಬುದನ್ನೇ ಮರೆತುಬಿಡುತ್ತಾರೆ. ಮುನವಳ್ಳಿ ಹತ್ತಿರ ಹಿನ್ನೀರಿನ ದಂಡೆಗೆ ನಮ್ಮ ಹೊಲ, ಅದರಲ್ಲೊಂದು ತಗಡಿನ ಶೆಡ್ಡು. ಮೇ ತಿಂಗಳಲ್ಲಿ ಎಂಟು ದಿನ ಮಗಳ ಮಕ್ಕಳನ್ನು ಕಟ್ಟಿಕೊಂಡು ನಾವಿಬ್ಬರೂ ಅಲ್ಲೇ ಠಿಕಾಣಿ ಹೂಡುತ್ತೇವೆ. ದೊಡ್ಡವಳು ಶಿವಾನಿಗೆ ಹನ್ನೆರಡು, ಸಣ್ಣವಳು ಐಶ್ವರ್ಯಾಳಿಗೆ ಏಳು. ಬೆಳಿಗ್ಗೆ ಅಜ್ಜನ ಜೊತೆ ಈಜು, ಸಂಜೆ ಮೀನು ಹಿಡಿಯುವ ಗೌಸಸಾಬನ ತೆಪ್ಪದಲ್ಲಿ ಸವಾರಿ. ನನ್ನ ಪಾಲಿಗೆ ರೊಟ್ಟಿ ಬಡಿಯುವುದು ಮತ್ತು ಎಲ್ಲರನ್ನೂ ಬೈಯುವುದು.

ಆವತ್ತು ಈಜಿ ಬಂದು, ದಂಡೆಯಲ್ಲೇ ಬಟ್ಟೆ ಬದಲಿಸಿ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಯಜಮಾನರು ಊಟಕ್ಕೆ ಮೊದಲು ಪೂಜೆಗೆ ಕೂತರು. ಕೊರಳಿಗೆ ಕೈ ಹಾಕಿದವರು ಹಾಗೇ ಉಳಿದುಬಿಟ್ಟರು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಇರಲಿಲ್ಲ. ಅದನ್ನು ಕಟ್ಟಿದ ಶಿವದಾರವೂ ಇರಲಿಲ್ಲ.

"ನೀರಾಗ ಹೋತು," ಎಂದರು. ಮುಖ ಬಿಳಿಚಿಕೊಂಡಿತ್ತು.

"ಸಿಗತೈತಿ ತಗೋರಿ. ಮೊದಲ ಎರಡು ತುತ್ತು ಉಣ್ರಿ. ಗುಳಗಿ ನುಂಗೀರಿ."

"ಅರವತ್ತು ವರ್ಷದಾಗ ಪೂಜಿ ಇಲ್ದ ಒಂದು ಹೊತ್ತೂ ಉಂಡಿಲ್ಲ ನಾ. ಲಿಂಗ ಸಿಗೂತನಕ ಒಂದು ಹನಿ ನೀರೂ ಬ್ಯಾಡ."

"ಹಂಗಾರ ಹುಡುಗರ ಮುಂದ ಬಿದ್ದು ಸಾಯ್ರಿ!" ಎಂದು ಕೂಗಿದೆ. ಸಿಟ್ಟು ಬಂದರೆ ನನ್ನ ನಾಲಿಗೆಗೆ ಲಗಾಮಿಲ್ಲ. ಒಳಗೆ ಮಾತ್ರ ಜೀವ ಹಾರಿಹೋಗಿತ್ತು. ಹೋದ ವರ್ಷ ಹೀಗೇ ಗುಳಿಗೆ ನುಂಗಿ, ಊಟ ತಡವಾಗಿ, ಬಚ್ಚಲಲ್ಲಿ ಬಿದ್ದಿದ್ದರು. ಸವದತ್ತಿಯ ದವಾಖಾನೆ ಮುಟ್ಟುವಷ್ಟರಲ್ಲಿ ನನ್ನ ಗುರುತೂ ಅವರಿಗೆ ಹತ್ತಿರಲಿಲ್ಲ.

ಶಿವಾನಿ ಮೊಣಕಾಲುದ್ದ ನೀರಿನಲ್ಲಿ ಕೆಸರು ತಡಕಾಡಿದಳು. ಗೌಸಸಾಬನನ್ನು ಕೂಗಿ ಕರೆದೆ. ಅವನು ಅಂಗಿ ಕಳಚಿ ನಾಲ್ಕು ಸಲ ಮುಳುಗಿ ಎದ್ದ. "ಕೈಗೆ ಬರೇ ಕಲ್ಲ ಹತ್ತಾಕ ಹತ್ಯಾವು ಅವ್ವಾರ. ನಾ ಹುಡಕತೇನಿ, ಅಜ್ಜಾರು ಉಣ್ಣಲಿ," ಎಂದ. ಅಜ್ಜಾರು ಕಲ್ಲಿನ ಮೇಲೆ ಕೂತು ತಲೆ ಅಲ್ಲಾಡಿಸಿದರು. ಮುಕ್ಕಾಲು ತಾಸು ಕಳೆಯಿತು. ಅವರ ಹಣೆಯಲ್ಲಿ ತಣ್ಣನೆಯ ಬೆವರು, ಬೆರಳು ನಡುಗುತ್ತಿದ್ದವು. ಒಂದು ಚೂರು ಬೆಲ್ಲ ಬಾಯಿಗೆ ಹಿಡಿದೆ. ತುಟಿ ಬಿಗಿದುಕೊಂಡರು, ಹಠಮಾರಿ ಮುದುಕ.

ಮುನವಳ್ಳಿಯಿಂದ ಗಾಡಿ ತರಿಸಲು ಫೋನಿಗೆಂದು ಶೆಡ್ಡಿಗೆ ಓಡಿದೆ. ಒಳಗೆ ಐಶ್ವರ್ಯಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಇಷ್ಟು ಹೊತ್ತು ಇವಳೆಲ್ಲಿ ಎಂದು ನಾವ್ಯಾರೂ ಕೇಳಿರಲಿಲ್ಲ. ಎರಡೂ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು, ಮೇಲೆ ಟವೆಲ್ಲು ಮುಚ್ಚಿತ್ತು. ತೋಳು ಸೋತು ತೂಗುತ್ತಿದ್ದವು.

"ಏನ ಅದು?"

ಬಿಕ್ಕತೊಡಗಿದಳು. "ಅಜ್ಜ ಅಂಗಿ ಹಾಕ್ಕೊಳ್ಳುಮುಂದ ಬಿತ್ತು, ಆಯಿ. ನೆಲಕ್ಕ ಇಡಬಾರದಂತ ಅಜ್ಜ ಹೇಳ್ಯಾನ. ಅದಕ್ಕ ಹಿಡ್ಕೊಂಡೇನಿ."

ಟವೆಲ್ಲು ಸರಿಸಿದೆ. ಕರಡಿಗೆ! ಒದ್ದೆ ಶಿವದಾರ ಅವಳ ಬೆರಳಿಗೆ ಸುತ್ತಿಕೊಂಡಿತ್ತು.

"ಎವ್ವಾ, ನನ್ನ ಬಂಗಾರ! ಆವಾಗ ಯಾಕ ಹೇಳಲಿಲ್ಲ?"

"ಅಜ್ಜನ ಲಿಂಗ ಮುಟ್ಟಿದ್ರ ಕೈ ಮುರೀತೇನಿ ಅಂತ ನಿನ್ನೆ ನೀನ ಅಂದಿದ್ದೆಲ್ಲಾ."

ಅಂದಿದ್ದೆ. ಪೂಜೆಗೆ ಕೂತವರ ಮೈಮೇಲೆ ಬೀಳುತ್ತಾಳೆಂದು, ರೊಟ್ಟಿ ಬಡಿಯುತ್ತ ಬಾಯಿಗೆ ಬಂದದ್ದನ್ನು ಅಂದಿದ್ದೆ. ಮುಂದಿನ ರೊಟ್ಟಿ ಹಂಚಿಗೆ ಹಾಕುವಷ್ಟರಲ್ಲಿ ನಾನು ಅದನ್ನು ಮರೆತಿದ್ದೆ.

ಅವಳನ್ನು ಹಾಗೇ ಎತ್ತಿಕೊಂಡು ದಂಡೆಗೆ ಓಡಿದೆ. ಅವಳ ಕೈಯಿಂದಲೇ ಕರಡಿಗೆ ಅಜ್ಜನ ಅಂಗೈಗೆ ಬಂತು. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಶಿವಾನಿ ನೀರು ಹಾಕಿದಳು, ನಾನು ವಿಭೂತಿ ಕೊಟ್ಟೆ. ಅರ್ಧ ತಾಸಿನ ಪೂಜೆ ಎರಡೇ ನಿಮಿಷಕ್ಕೆ ಮುಗಿಯಿತು. ಬೆಲ್ಲ ತಿಂದರು, ಮೊಸರನ್ನ ಉಂಡರು. ಮೆಲ್ಲಗೆ ಬೆರಳಿನ ನಡುಕ ನಿಂತಿತು. ಅಂತೂ ಉಳಿದರು ನಮ್ಮ ಯಜಮಾನರು. ಗೌಸಸಾಬ ಮುಖದ ನೀರು ಒರೆಸಿಕೊಳ್ಳುತ್ತ ನಕ್ಕ.

ಅಷ್ಟರಲ್ಲಿ ಐಶ್ವರ್ಯಾ ನನ್ನ ಮುಂದೆ ಬಂದು ನಿಂತಳು. ಕಣ್ಣು ಬಿಗಿಯಾಗಿ ಮುಚ್ಚಿ ಎರಡೂ ಕೈ ಚಾಚಿದಳು.

"ಅಜ್ಜ ಉಂಡಾನಲಾ. ಈಗ ಮುರಿ, ಆಯಿ."

ಆ ಕೈಗಳನ್ನು ಮುಖಕ್ಕೊತ್ತಿಕೊಂಡು ಗೊಳೋ ಎಂದು ಅತ್ತೆ. ಅಳುತ್ತ ಅಳುತ್ತ ಎದೆ ಹಗುರಾಯಿತು.

"ಏ, ಅಳೂದು ಆಮ್ಯಾಲ," ಎಂದರು ಯಜಮಾನರು, ಬಾಯಿತುಂಬ ಅನ್ನ ಇಟ್ಟುಕೊಂಡೇ. "ಮೊದಲ ಆ ಕೂಸಿಗೆ ಉಣ್ಣಾಕ ಹಾಕು. ಅದೂ ಆಗಿಂದ ಉಪಾಸ ಐತಿ."

ಗಂಗಾಳದಲ್ಲಿ ಮೊಸರನ್ನ ಹಾಕಿ ತಂದೆ. ಹುಡುಗಿಯ ಕೈಗಳು ತುತ್ತು ಎತ್ತಲಾರದಷ್ಟು ಸೋತಿದ್ದವು. ನಾನೇ ಉಣಿಸಿದೆ.