ಕತ್ತಿಯ ಕೆಳಗೆ ಹೂಂಗುಟ್ಟಿದವರು

ಕ್ಷೌರದ ಅಂಗಡಿಯವನಿಗೆ ಗಿರಾಕಿಗಳು ಇಟ್ಟ ಹೆಸರು ವಕೀಲ. ಬಾಯಿ ಬಿಟ್ಟರೆ ವಾದ! ಅದರಲ್ಲೂ ಡಾಕ್ಟರು, ವಿಜ್ಞಾನಿ ಅಂದರೆ ಮುಗಿಯಿತು, ಅವನಿಗೆ ಮೈಯೆಲ್ಲ ಉರಿ. "ನಿನ್ನೆ ಮೊಟ್ಟೆ ತಿನ್ನಬೇಡಿ ಅಂದ್ರು, ಇವತ್ತು ತಿನ್ನಿ ಅಂತಾರೆ. ಇವರ ಮಾತು ಕಟ್ಕೊಂಡು ಬದುಕೋಕಾಗುತ್ತಾ, ನೀವೇ ಹೇಳಿ?" ಅಂತ ಗಿರಾಕಿಯ ಗದ್ದ ಎತ್ತಿ ಹಿಡಿದು ಕೇಳುವನು. ಗಿರಾಕಿ "ಹೂಂ" ಅನ್ನುವನು. ವಕೀಲನ ಎದೆ ಉಬ್ಬುವುದು.

ಅಂಥವನಿಗೇ ಸಕ್ಕರೆ ಕಾಯಿಲೆ ಗಂಟುಬಿತ್ತು ನೋಡಿ. ಕನ್ನಡಿಯೊಳಗಿನ ಮುಖಗಳು ಮಸುಕಾಗತೊಡಗಿದವು. ಹೆಂಡತಿ ಹಟ ಹಿಡಿದು ರಕ್ತಪರೀಕ್ಷೆ ಮಾಡಿಸಿದ್ದಳು, ಮಾತ್ರೆಗೆ ಮಾತ್ರ ಈ ಮಹಾರಾಯ ಒಪ್ಪಲೊಲ್ಲ.

"ರೀ, ಕಣ್ಣು ಹೋದ್ಮೇಲೆ ಕತ್ತಿ ಹಿಡಿಯೋದು ಹೇಗೆ?"

"ಕ್ಲಿನಿಕ್ಕಿಗೆ ಹೋಗಬಹುದು ಕಣೇ. ಆದ್ರೆ ನನ್ನ ಮಾತು ನಂಬಿಕೊಂಡಿರೋ ಜನಕ್ಕೆ ಆಮೇಲೆ ಯಾವ ಮುಖ ತೋರಿಸ್ಲಿ?"

ಅದೇ ಅವನ ಸಂಕಟ. ಕೊನೆಗೊಂದು ದಿನ ಗಿರಾಕಿಯೊಬ್ಬರ ಕಿವಿಗೆ ಕತ್ತಿ ತಾಗಿ ರಕ್ತ ಬಂತು. ಅಂಗಡಿಗೆ ರಜಾ ಇದ್ದ ದಿನ ವಕೀಲ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಕಳ್ಳನ ಹಾಗೆ ಕ್ಲಿನಿಕ್ಕಿಗೆ ಹೋದ.

ಒಳಗೆ ಬೆಂಚಿನ ಮೇಲೆ ಯಾರು? ಮೇಷ್ಟ್ರು, ಬಸ್ ಡ್ರೈವರು, ಬೇಕರಿಯ ಯಜಮಾನರು. ಎಲ್ಲ ಅವನ ಖಾಯಂ ಗಿರಾಕಿಗಳೇ!

"ಬನ್ನಿ ವಕೀಲರೇ," ಅಂತ ಮೇಷ್ಟ್ರು ಸರಿದು ಜಾಗ ಕೊಟ್ಟರು.

"ನೀವೂನಾ ಮೇಷ್ಟ್ರೇ? ಮೊನ್ನೆ ತಾನೇ ನನ್ನ ಮಾತಿಗೆ ಹೂಂ ಅಂದ್ರಲ್ಲ!"

"ಅನ್ನದೆ ಏನ್ಮಾಡ್ಲಿ? ಕತ್ತಿ ಗಂಟಲ ಮೇಲಿತ್ತು!"

ಇಡೀ ಬೆಂಚು ಗೊಳ್ಳೆಂದಿತು. ವಕೀಲನಿಗೆ ಚುರುಕ್ ಅಂತು. ಇಷ್ಟು ವರ್ಷದಲ್ಲಿ ಒಬ್ಬನೂ ನಂಬಿರಲಿಲ್ಲವೇ? ಮರುಗಳಿಗೆಯೇ ಹೊಳೆಯಿತು: ಹಾಗಾದರೆ ಹೋಗುವ ಮಾನವಾದರೂ ಯಾವುದು? ಮನಸ್ಸು ಹಗುರಾಗಿ ತಾನೂ ನಕ್ಕುಬಿಟ್ಟ.

"ಮತ್ತೆ ನನ್ನ ಅಂಗಡಿಗೇ ಯಾಕ್ರೀ ಸಾಯ್ತೀರಿ?"

"ಕೈ ಚೆನ್ನಾಗಿದೆಯಲ್ಲಪ್ಪಾ, ಬಾಯಿ ಹೇಗಾದ್ರೂ ಇರ್ಲಿ," ಅಂದರು ಬೇಕರಿಯವರು.

ಅವನ ಸರದಿ ಬಂತು. ಡಾಕ್ಟರಮ್ಮ ರಕ್ತಪರೀಕ್ಷೆಯ ಚೀಟಿ ನೋಡಿ, "ಏನಾದ್ರೂ ಕೇಳೋದಿದೆಯಾ?" ಅಂದರು. ಕೇಳೋದಿಲ್ಲದೆ ಏನು! ಮೊಟ್ಟೆಯಿಂದ ಹಿಡಿದು ಎಲ್ಲ ತಕರಾರುಗಳೂ ನಾಲಿಗೆಯ ತುದಿಗೆ ಬಂದು ನಿಂತವು. ಆದರೆ ಹೆಂಡತಿಯ ಹತ್ತಿರವೂ ಆಡದೆ ಮುಚ್ಚಿಟ್ಟುಕೊಂಡಿದ್ದ ಮಾತು ಅವನ್ನೆಲ್ಲ ತಳ್ಳಿಕೊಂಡು ಹೊರಬಂತು.

"ನಮ್ಮಪ್ಪನೂ ಮಾತ್ರೆ ನುಂಗಿದ್ರು. ಕಣ್ಣಿನ ವಿಷಯ ಕೇಳಿದ್ದಕ್ಕೆ, ಏನೂ ಆಗಲ್ಲ ಹೋಗಯ್ಯ ಅಂತ ಡಾಕ್ಟರು ಗದರಿ ಕಳಿಸಿದ್ರು. ಆದ್ರೂ ಕಣ್ಣು ಹೋಯ್ತು. ನನಗೂ ಹೋಗುತ್ತಾ ಅಮ್ಮಾ? ನಂಗೆ ತುಂಬಾ ಭಯ."

ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಖಂಡಿತ ಹೋಗಲ್ಲ ಅಂತ ನಾನು ಹೇಳಲಾರೆ. ಮಾತ್ರೆ ತಗೊಂಡ್ರೆ ಉಳಿಯೋ ಸಾಧ್ಯತೆ ಜಾಸ್ತಿ. ಆಗಾಗ ಕಣ್ಣನ್ನೂ ಪರೀಕ್ಷೆ ಮಾಡಿಸ್ತಾ ಇರೋಣ."

ವಕೀಲ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಎಷ್ಟೋ ವರ್ಷದ ಮೇಲೆ ಒಳಗೆಲ್ಲ ತಣ್ಣಗಾದಂತಿತ್ತು.

"ಇಷ್ಟು ಮಾತನ್ನ ಅವತ್ತು ಆ ಡಾಕ್ಟರು ನಮ್ಮಪ್ಪನಿಗೆ ಹೇಳಿದ್ದಿದ್ರೆ, ನಾನು ಇಷ್ಟು ವರ್ಷ ಜಗಳ ಆಡ್ತಾನೇ ಇರಲಿಲ್ಲ ತಾಯಿ," ಅಂದ. "ಬರೀರಿ, ಮಾತ್ರೆ ತಗೋತೀನಿ."