ಎಂಟು ಗಂಟೆಯ ಮಾತ್ರೆ

1
ಎಲ್ಲಿಂದ ಶುರು ಮಾಡಲಿ? ಜಪಾನಿನ ಒಂದು ಹಿಡಿ ಮಣ್ಣಿನಿಂದ ಮಾಡಬಹುದು. ಆ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾ ಒಂದು ವಸ್ತುವನ್ನು ತಯಾರಿಸುತ್ತಿತ್ತು. ಬಹುಶಃ ನೆರೆಯ ಬೂಸ್ಟನ್ನು ದೂರವಿಡಲು. ಖಚಿತವಾಗಿ ನನಗೆ ಗೊತ್ತಿಲ್ಲ. ಅದೇ ಇವತ್ತು ಟ್ಯಾಕ್ರೋಲಿಮಸ್ ಎಂಬ ಮಾತ್ರೆ. ಬೇರೆಯವರ ಕಿಡ್ನಿ ಕಂಡರೆ ರೇಗುವ ನಮ್ಮ ಬಿಳಿ ರಕ್ತಕಣಗಳನ್ನು ಅದು ಸುಮ್ಮನಿರಿಸುತ್ತದೆ.

(ಎಂಎಸ್ಸಿ ಮೈಕ್ರೋಬಯಾಲಜಿ ಓದಿದವಳು ಕಥೆ ಬರೆದರೆ ಹೀಗಾಗುತ್ತದೆ. ಇದನ್ನು ಬಿಟ್ಟುಬಿಡಿ.)

2
ಅತ್ತೆಯಿಂದ ಶುರು ಮಾಡುತ್ತೇನೆ. ಬಸವರಾಜೇಶ್ವರಿ, ಅರವತ್ತೆರಡು ವರ್ಷ, ಆರ್‌ಪಿಸಿ ಲೇಔಟ್. ಅವರ ಹೊಟ್ಟೆಯೊಳಗೆ ನನ್ನ ಗಂಡ ಶಿವಕಿರಣ್ ಕೊಟ್ಟ ಕಿಡ್ನಿ ಇದೆ. ಕೊಟ್ಟ ಎರಡು ವರ್ಷಕ್ಕೆ ನಾಯಂಡಹಳ್ಳಿಯಲ್ಲಿ ಅವನ ಬೈಕಿಗೆ ಲಾರಿ ಗುದ್ದಿತು. (ಈ ವಾಕ್ಯವನ್ನು ಹನ್ನೊಂದು ಸಲ ಬರೆದಿದ್ದೇನೆ. ಎಲ್ಲಕ್ಕಿಂತ ಚಿಕ್ಕದು ಇದು.) ಅವನದೆಂದು ಬದುಕಿರುವುದು ಆ ಕಿಡ್ನಿಯೊಂದೇ.

"ಹೊಟ್ಟೆಯೊಳಗೆ ಅಂತ ಯಾಕೆ ಬರೀತೀಯೇ? ಓದೋರು ಬಸುರಿ ಅಂದ್ಕೋತಾರೆ," ಎಂದರು ಅತ್ತೆ, ನನ್ನ ಹಿಂದೆ ನಿಂತು.

ಪಾತ್ರಗಳಿಗೆ ಕನ್ನಡಕ ಮಾಡಿಸಿಕೊಡಬಾರದು.

3
ಅತ್ತೆ ದಿನಾ ನುಂಗುವುದು ಆ ಟ್ಯಾಕ್ರೋಲಿಮಸ್ಸನ್ನೇ. ಆಗಾಗ ರಕ್ತದಲ್ಲಿ ಅದು ಎಷ್ಟಿದೆಯೆಂದು ನೋಡಬೇಕು. ಕಡಿಮೆಯಾದರೆ ಮೈ ಕಿಡ್ನಿಯನ್ನು ತಿರಸ್ಕರಿಸುತ್ತದೆ; ಹೆಚ್ಚಾದರೆ ಔಷಧಿಯೇ ಕಿಡ್ನಿಯನ್ನು ಕೆಡಿಸುತ್ತದೆ. ಬೆಳಗಿನ ಮಾತ್ರೆಗೆ ಮೊದಲೇ ರಕ್ತ ಕೊಡಬೇಕು. ಸೋಮವಾರ ಕೊಟ್ಟೆವು. ಮಂಗಳವಾರ ಡಾಕ್ಟರ್ ಚನ್ನವೀರೇಶ್ ಫೋನ್ ಮಾಡಿದರು.

"ಹತ್ತೊಂಬತ್ತು ಬಂದಿದೆ ಮೇಡಂ. ಏಳೆಂಟು ಇರ್ಬೇಕಿತ್ತು. ನಾಳೆ ಇನ್ನೊಂದ್ಸಲ ನೋಡೋಣ. ಮಾತ್ರೆಗೆ ಮುಂಚೆ, ಮರೀಬೇಡಿ."

ಇಲ್ಲಿ ನಾಯಕಿ ಕುಸಿದು ಕೂರಬೇಕು. ನಾನು ಅಕ್ಕಿ ತೊಳೆದೆ. ಅದೇ ಅಕ್ಕಿಯನ್ನು ಐದು ಸಲ.

4
ಬುಧವಾರ ಬೆಳಿಗ್ಗೆ ಲ್ಯಾಬಿನವರಿಗೆ ಕಾಯುತ್ತಿದ್ದೆವು. ಎಂಟಕ್ಕೆ ಅತ್ತೆಯ ಫೋನಿನಲ್ಲಿ ಅಲಾರಂ ಹೊಡೆಯಿತು. ಶಿವಕಿರಣ್ ಅದಕ್ಕೆ ತನ್ನ ದನಿಯನ್ನೇ ಹಾಕಿಟ್ಟಿದ್ದ.

"ಅಮ್ಮಾ, ಎಂಟಾಯ್ತು. ಮಾತ್ರೆ ತಗೋ. ಆಮೇಲೆ ಅನ್ಬೇಡ."

ಅದು ಕೇಳದಿರಲೆಂದು ದಿನಾ ಆ ಹೊತ್ತಿಗೆ ನಾನು ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡಿರುತ್ತೇನೆ. ಸೋಮವಾರವೂ ಅಲ್ಲೇ ಇದ್ದೆ. ಈ ಬುಧವಾರ ಮಾತ್ರ ನಡುಮನೆಯಲ್ಲಿದ್ದೆ. ಅತ್ತೆಯ ಕೈ ಡಬ್ಬಿಗೆ ಹೋಯಿತು.

"ಅತ್ತೆ! ಸೋಮವಾರಾನೂ ಹೀಗೇ ನುಂಗಿದ್ರಾ?"

"ಅವನು ಕರೆದ್ಮೇಲೆ ಸುಮ್ನೆ ಕೂತ್ಕೊಳ್ಳಕ್ಕಾಗತ್ತೇನೇ? ಒಂದಿನಾನೂ ಆಗಲ್ಲ ಅಂದಿಲ್ಲ."

"ಇವತ್ತೊಂದಿನ ಅನ್ನಿ."

"ನೀನೇ ಹೇಳು ಅವನಿಗೆ."

ಫೋನನ್ನು ಕೈಗೆ ತೆಗೆದುಕೊಂಡೆ. "ಸ್ವಲ್ಪ ತಡಿ ಕಣೋ. ರಕ್ತ ಕೊಟ್ಮೇಲೆ ತಗೋತಾರೆ."

ಅವನು ಹೋದ ಈ ಹದಿನಾಲ್ಕು ತಿಂಗಳಲ್ಲಿ ಅವನಿಗೆ ನಾನು ಹೇಳಿದ ಮೊದಲ ಮಾತು.

5
ಅಂತ್ಯ ಒಂದು: ಏಳು ಪಾಯಿಂಟ್ ಎರಡು. ಸೋಮವಾರದ ಹತ್ತೊಂಬತ್ತು, ಆಗಷ್ಟೇ ನುಂಗಿದ್ದ ಮಾತ್ರೆಯದು. ಕಿಡ್ನಿ ಚೆನ್ನಾಗಿದೆ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು, ಉಸಿರು ಸಿಗದಷ್ಟು ನಕ್ಕೆವು. (ಇದು ನಿಜ.)

ಅಂತ್ಯ ಎರಡು: ಇನ್ನು ತಪ್ಪಾಗದಿರಲೆಂದು ಅಲಾರಮ್ಮಿನ ದನಿ ಬದಲಾಯಿಸಿದೆವು.

"ಆ ಸಾಲು ತೆಗಿಯೇ. ಅವನ ದನಿ ಎಲ್ಲಿ ಬದಲಾಯಿಸಿದ್ವಿ?" ಎಂದರು ಅತ್ತೆ.

ತೆಗೆದಿದ್ದೇನೆ ಎಂದುಕೊಳ್ಳಿ.

6
ಆ ಔಷಧಿಯನ್ನು ತಯಾರಿಸುವಾಗ ಬ್ಯಾಕ್ಟೀರಿಯಾ ಚಿಕ್ಕ ಚಿಕ್ಕ ತುಣುಕುಗಳನ್ನು ಒಂದಕ್ಕೊಂದು ಜೋಡಿಸಿ ಸರಪಳಿ ಮಾಡುತ್ತದೆ. ಕೊನೆಗೆ ಎರಡು ತುದಿಗಳನ್ನು ಸೇರಿಸಿ ಉಂಗುರ ಮಾಡುತ್ತದೆ. ಅಲ್ಲಲ್ಲಿ ತಿದ್ದುತ್ತದೆ ಕೂಡ. ಅದಕ್ಕೆ ಮುಗಿಸಲು ಬರುತ್ತದೆ.

ನಾನು ತುದಿಯನ್ನು ಹಾಗೇ ಬಿಡುತ್ತೇನೆ. ಈಗ ಏಳು ಐವತ್ತೊಂಬತ್ತು. ನಲ್ಲಿ ನಿಲ್ಲಿಸಿದ್ದೇನೆ.