ಹೆಂಡತಿಯ ಮೇಲೆ ಹನ್ನೊಂದು ದೂರು

ಮರಾಠಿ ಸೀಮೆಯ ಬಿಬವೇವಾಡಿಯಲ್ಲಿ ನೆಲೆಸಿದ್ದ ಗೂಳಪ್ಪನ ಮನೆಯಲ್ಲಿ ಅಂದು ಊಟದ ತಾಟು ಗೋಡೆಗೆ ಬಡಿಯಿತು. ಯಾಕಂತೀರಿ? ಸಾರಿಗೆ ಉಪ್ಪು ಕಡಿಮೆಯಂತೆ! ಉಪ್ಪೊಂದು ನೆವ ಅಷ್ಟೇ. ಗೂಳಪ್ಪ ಶಿವಾಜಿನಗರದ ಕೋರ್ಟಿನ ಮುಂದೆ ಟೈಪ್ ಮಷೀನ್ ಇಟ್ಟುಕೊಂಡು ಇಪ್ಪತ್ತು ವರ್ಷ ಜನರ ಅರ್ಜಿ ಬಡಿದವನು. 2006ರ ಹೊತ್ತಿಗೆ ಸುತ್ತಲೂ ಕಂಪ್ಯೂಟರ್ ಅಂಗಡಿಗಳೆದ್ದವು, ಗಿರಾಕಿಗಳು ಅತ್ತ ಹೋದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ಹೊರಗಿನ ಸಿಟ್ಟೆಲ್ಲ ಮನೆಯೊಳಗೆ ಬಂತು.

ಹೆಂಡತಿ ಶಿವಬಸವ್ವ ಅಳಲಿಲ್ಲ. ಚೆಲ್ಲಿದ ಅನ್ನ ಬಳಿದು ತೆಗೆದಳು.

"ಮಾಧುರಿ ಪರೀಕ್ಷಾ ಮುಗೀಲ್ರಿ. ಆಮ್ಯಾಲೆ ಮಗಳನ್ನ ಕರಕೊಂಡು ವಿಜಾಪುರಕ್ಕ ತವರಮನೀಗೆ ಹೋಗ್ತೀನಿ. ತಿರುಗಿ ಬರೂದಿಲ್ಲ," ಎಂದಳು.

ಪರೀಕ್ಷೆಗೆ ಎರಡೇ ತಿಂಗಳಿತ್ತು. ಮರುದಿನ ಚಹಾ ಅಂಗಡಿಯಲ್ಲಿ ಗೂಳಪ್ಪ ಗೆಳೆಯ ದೇವಾನಂದನ ಮುಂದೆ ಬಾಯಿಬಿಟ್ಟ. ದೇವಾನಂದನೂ ಮೊದಲು ಟೈಪಿಸ್ಟನೇ, ಈಗ ಕಂಪ್ಯೂಟರ್ ಕಲಿತಿದ್ದ.

"ನಮ್ಮ ಮನ್ಯಾಗೂ ಇದೇ ಹಾಡಿತ್ತು ದೋಸ್ತ. ಧಾರವಾಡದಾಗ ಶೈಲಶ್ರೀ ಅಂತ ಆಪ್ತಸಮಾಲೋಚಕರು ಅದಾರ. ಕಂಪ್ಯೂಟರಿನ್ಯಾಗ ಪತ್ರಾ ಬರದ್ರ ಉತ್ತರಾ ಕೊಡ್ತಾರ. ಶನಿವಾರ ಒಂದು ತಾಸು ಆಕಡೆ ಅವರು, ಈಕಡೆ ನಾವು ಕುಂತು ಬರಕೋತ ಮಾತಾಡೂದು."

"ನನಗೇನ ಹುಚ್ಚ ಹಿಡದದೇನು?"

"ಹಲ್ಲು ನೋವಾದ್ರ ಡಾಕ್ಟರ್ ಕಡೆ ಹೋಗೂದಿಲ್ಲೇನು? ಇದೂ ಹಂಗ."

"ಅದೂ ಆ ಕಂಪ್ಯೂಟರಿನ ಮುಂದ! ನನ್ನ ಅನ್ನಾ ಕಸಗೊಂಡದ್ದ ಅದು."

"ನಿನಗ ಮಾತಾಡು ಅಂದ್ರ ಬಾಯಿ ಬರೂದಿಲ್ಲ, ಬರಿ ಅಂದ್ರ ಬೆರಳು ನಿಲ್ಲೂದಿಲ್ಲ. ನಿನಗ ಇದ ಸರಿ."

"ಯಾರರೆ ಓದಿದ್ರ?"

"ಅವರು ಯಾರ ಮುಂದೂ ಹೇಳೂದಿಲ್ಲ. ನೀನೂ ಪಾಸ್‌ವರ್ಡ್ ಯಾರಿಗೂ ಕೊಡಬ್ಯಾಡ, ಎದ್ದು ಬರೂ ಮುಂದ ಲಾಗೌಟ್ ಮಾಡು. ಎಲ್ಲಿ ಕಲತೀರಿ ಅಂತ ಕೇಳಿ, ಸರ್ಟಿಫಿಕೇಟು ನೋಡೇ ನಾ ಶುರು ಮಾಡಿದ್ದು."

ಗೂಳಪ್ಪ ಸೈಬರ್ ಕೆಫೆಯಲ್ಲಿ ಕುಳಿತ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡತೊಡಗಿದ. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ. "ಮಾನ್ಯರೇ, ಕೆಳಗೆ ಸಹಿ ಮಾಡಿದ ಅರ್ಜಿದಾರನ ವಿನಂತಿ ಏನೆಂದರೆ" ಎಂದು ಶುರುಮಾಡಿ, ಹೆಂಡತಿಯ ಮೇಲೆ ನಂಬರ್ ಹಾಕಿ ಹನ್ನೊಂದು ದೂರು ಬರೆದ. ಉಪ್ಪು ನಾಲ್ಕನೆಯದು. ಕೊನೆಗೆ, "ಸದರಿ ಹೆಂಡತಿಗೆ ತಕ್ಕ ಬುದ್ಧಿ ಹೇಳಬೇಕಾಗಿ ಪ್ರಾರ್ಥನೆ." ನಮಗೆ ನಗು ಬಂದೀತು, ಆದರೆ ಆ ಮನುಷ್ಯ ಮನಸ್ಸಿಟ್ಟೇ ಬರೆದಿದ್ದ.

ಎರಡು ದಿನಕ್ಕೆ ಉತ್ತರ ಬಂತು. "ಗೂಳಪ್ಪನವರ, ನಾನು ಜಡ್ಜ್ ಅಲ್ಲರಿ. ಹನ್ನೊಂದು ದೂರಿನ್ಯಾಗ ನಿಮ್ಮ ಹೆಂಡತಿ ಅದಾರ, ನೀವು ಎಲ್ಲೂ ಇಲ್ಲ. ತಾಟು ಒಗಿಯೂಕಿಂತ ಮೊದಲ ನಿಮ್ಮೊಳಗ ಏನಾಗಿತ್ತು? ಅದನ್ನ ಬರೀರಿ."

ಗೂಳಪ್ಪನಿಗೆ ಮೈಯೆಲ್ಲ ಉರಿಯಿತು. ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ಆದರೆ ಶಿವಬಸವ್ವ ಅಟ್ಟದಿಂದ ಟ್ರಂಕು ಇಳಿಸಿ ಸೀರೆ ಮಡಚುವುದನ್ನು ಕಂಡ. ಮತ್ತೆ ಹೋಗಿ ಕುಳಿತ. ಈ ಸಲ ನಂಬರ್ ಹಾಕಲಿಲ್ಲ. "ಮುಂಜಾನಿಂದ ಒಬ್ಬ ಗಿರಾಕಿನೂ ಬಂದಿರಲಿಲ್ರಿ. ಮನೀಗೆ ಯಾವ ಮುಖಾ ತಗೊಂಡು ಹೋಗ್ಲಿ ಅಂತ ಹೆದರಿಕಿ ಆಗಿತ್ತು," ಎಂದು ಬರೆಯುವಾಗ ಕಣ್ಣು ತುಂಬಿದವು.

ಮುಂದೆ ಪ್ರತಿ ಶನಿವಾರ ಕುಳಿತ. ಸಿಟ್ಟು ಏರುವುದು ತಿಳಿದ ಕೂಡಲೇ ಎದ್ದು ಹೊರಗೆ ನಡೆಯುವುದು, ತಣ್ಣಗಾದ ಮೇಲೆಯೇ ಮಾತಾಡುವುದು, ಇವನ್ನೆಲ್ಲ ಶೈಲಶ್ರೀ ಕಲಿಸಿದರು. "ಸಂಕಟ ಖರೇ, ಆದ್ರ ತಾಟು ಒಗದದ್ದು ನಿಮ್ಮ ತಪ್ಪೇ," ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಆರನೆಯ ವಾರ ಅವನು ತನ್ನ ಪಶ್ಚಾತ್ತಾಪವನ್ನೆಲ್ಲ ಉದ್ದಕ್ಕೆ ಬರೆದು ಕಳಿಸಿದ. ಉತ್ತರ ಚಿಕ್ಕದು: "ಇದನ್ನ ಕೇಳಬೇಕಾದವರು ನಿಮ್ಮ ಅಡಗಿಮನ್ಯಾಗ ಅದಾರ. ಬಾಯಿಲೆ ಹೇಳ್ರಿ."

ಅಂದು ಸಂಜೆ ಗೂಳಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಕೇಳಿಲ್ಲೆ. ನನ್ನ ಕೆಲಸಾ ಹೊಂಟದ. ಹೆದರಿಕಿ ಆಗೇದ. ಅದನ್ನೆಲ್ಲಾ ನಿನ್ನ ಮ್ಯಾಲೆ ತೀರಿಸಿಕೊಂಡೆ. ತಪ್ಪಾತು. ಧಾರವಾಡದಾಗ ಶೈಲಶ್ರೀ ಬಾಯಾರು ಅಂತ ಅದಾರ, ಅವರಿಗೆ ಬರಕೋತ ಬರಕೋತ ಇದು ನನಗ ತಿಳೀತು."

ಶಿವಬಸವ್ವ ಈಗ ಅತ್ತಳು. "ಇಷ್ಟ ಹೇಳಾಕ ಇಷ್ಟು ದಿನಾ ಬೇಕಾತೇನ್ರಿ? ಕೆಲಸಾ ಹೋದ್ರ ಇಬ್ಬರೂ ಕೂಡಿ ಏನರೆ ಮಾಡೂಣು. ಆದ್ರ ಇನ್ನೊಮ್ಮೆ ತಾಟು ಎದ್ರ ನಾ ನಿಲ್ಲೂದಿಲ್ಲ. ಮತ್ತ ಆ ಬಾಯಾರ ಕೂಡ ನಾನೂ ಮಾತಾಡಾಕಿ."

ಗಂಡ ಹೆಂಡತಿ ಇಬ್ಬರೂ ಮೂರು ತಿಂಗಳು ಶೈಲಶ್ರೀಯವರ ಜೊತೆ ಮಾತಾಡಿದರು. ಗೂಳಪ್ಪ ದೇವಾನಂದನ ಬಳಿ ಕಂಪ್ಯೂಟರ್ ಕೆಲಸ ಕಲಿತ. ಅದರ ನಡುವೆಯೇ ಮಾಧುರಿಯ ಪರೀಕ್ಷೆ ಮುಗಿಯಿತು. ಸ್ವಾರಗೇಟ್ ಬಸ್ ನಿಲ್ದಾಣದಿಂದ ವಿಜಾಪುರದ ಬಸ್ಸು ಹೊರಟಿತು, ಶಿವಬಸವ್ವ ಅದರಲ್ಲಿ ಇರಲಿಲ್ಲ. ಅವಳು ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿ ಧಾರವಾಡಕ್ಕೆ ಪಾರ್ಸಲ್ ಕಟ್ಟುತ್ತಿದ್ದಳು.

"ಅವರ ಮುಖಾ ನೋಡಿಲ್ಲ. ಆದ್ರ ನಮ್ಮ ಮನೀ ಉಳಿಸಿದ ಪುಣ್ಯಾತಗಿತ್ತಿ," ಎಂದು ಅಲ್ಲಿಂದಲೇ ಕೈಮುಗಿದಳು.

ಅಕ್ಕಂದಿರೇ, ಅಣ್ಣಂದಿರೇ, ಮನಸ್ಸು ನೊಂದರೆ ನೆರವು ಕೇಳುವುದು ಹುಚ್ಚೂ ಅಲ್ಲ, ನಾಚಿಕೆಯೂ ಅಲ್ಲ. ಎದುರು ಕುಳಿತು ಹೇಳಲು ಆಗದಿದ್ದರೆ ಬರೆದು ಹೇಳಿ. ಕಲಿತವರೇ ಎಂದು ವಿಚಾರಿಸಿ, ನಿಮ್ಮ ಭಾಷೆಯವರನ್ನೇ ಹುಡುಕಿ. ಯಾರಾದರೂ ಹೊಡೆಯುತ್ತಿದ್ದರೆ, ಅಥವಾ ಬದುಕುವುದೇ ಬೇಡ ಅನ್ನಿಸಿದರೆ ಪತ್ರದ ಉತ್ತರಕ್ಕೆ ಕಾಯಬೇಡಿ. ಕೂಡಲೇ ನಂಬಿದವರನ್ನು ಕೂಗಿ, ಆಸ್ಪತ್ರೆಗೆ ಹೋಗಿ. ಉಳಿದವರು, ಟ್ರಂಕು ಅಟ್ಟದಿಂದ ಇಳಿಯುವ ಮೊದಲೇ ಬರೆಯಿರಿ.